ರಾಯನ ತೋಳು ಬಲಿತ ಬಗೆ

ಕೃಷ್ಣದೇವರಾಯನ ದಿಗ್ವಿಜಯಗಳನ್ನು ಇಸವಿಗಳೊಡನೆ ನೀವೆಲ್ಲ ಕಂಠಪಾಠ ಮಾಡಿದ್ದೀರಿ. ಕತ್ತಿ ಹಿಡಿದ ಆ ತೋಳು ಬಲಿತದ್ದು ಹೇಗೆಂಬುದಕ್ಕೆ ನಮ್ಮ ಪಠ್ಯಪುಸ್ತಕಗಳಲ್ಲಿ ಎಡೆಯಿರಲಿಲ್ಲ. ಆದರೆ ಅದಕ್ಕೆ ಸಮಕಾಲೀನ ಸಾಕ್ಷ್ಯವೇ ಉಂಟು.

1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ರಾಯನ ದಿನಚರಿಯನ್ನು ಬರೆದಿಟ್ಟಿದ್ದಾನೆ. ರಾಯನು ನಸುಕಿಗೆ ಮುನ್ನವೇ ಎಳ್ಳೆಣ್ಣೆ ಕುಡಿದು, ಮೈಗೂ ಅದನ್ನೇ ಹಚ್ಚಿಕೊಳ್ಳುತ್ತಿದ್ದ. ಸೊಂಟಕ್ಕೆ ಚಿಕ್ಕದೊಂದು ಬಟ್ಟೆ ಬಿಗಿದು, ಮಣ್ಣಿನಿಂದ ಮಾಡಿದ ದೊಡ್ಡ ಭಾರಗಳನ್ನು ತೋಳುಗಳಲ್ಲಿ ಎತ್ತುತ್ತಿದ್ದ. ಆಮೇಲೆ ಕತ್ತಿಯ ಸಾಧನೆ. ಕುಡಿದ ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ಅದು ನಿಲ್ಲುತ್ತಿರಲಿಲ್ಲ. ಅನಂತರ ಜಟ್ಟಿಯೊಬ್ಬನೊಡನೆ ಕುಸ್ತಿ. ಬಳಿಕ ಬೆಳಕು ಹರಿಯುವವರೆಗೆ ಬಯಲಿನಲ್ಲಿ ಕುದುರೆ ಸವಾರಿ. ಇಷ್ಟಾದ ಮೇಲೆ ಸ್ನಾನ, ಪೂಜೆ.

ಈ ಕ್ರಮವನ್ನು ಗಮನಿಸಿ. ಮೊದಲು ಭಾರ, ಆಮೇಲೆ ಆಯುಧ, ಅದರ ನಂತರ ಎದುರಾಳಿ. ದೇಹವನ್ನು ಮೊದಲು ಕಾಯಿಸಿ ಬಲಪಡಿಸಿ, ಆ ಬಲವನ್ನು ವಿದ್ಯೆಗೆ ಹೂಡುವ ವಿಧಾನವಿದು.

ಇದು ರಾಯನೊಬ್ಬನ ಹವ್ಯಾಸವೂ ಅಲ್ಲ. ಅವನಿಗೆ ನಾಲ್ಕು ಶತಮಾನ ಹಿಂದೆಯೇ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು (1126–1138) ತನ್ನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೆ ಒಂದು ಭಾಗವನ್ನೇ ಮೀಸಲಿಟ್ಟಿದ್ದಾನೆ. ವಯಸ್ಸು, ಗಾತ್ರ, ಶಕ್ತಿಗಳಿಗೆ ತಕ್ಕಂತೆ ಮಲ್ಲರನ್ನು ಅಲ್ಲಿ ವಿಂಗಡಿಸಲಾಗಿದೆ. ಭಾರ ಎತ್ತುವ ಭಾರಶ್ರಮ, ನಡಿಗೆಯ ಭ್ರಮಣಶ್ರಮ, ಈಜಿನ ಸಲಿಲಶ್ರಮ, ಕಂಬದ ಮೇಲಿನ ಸ್ತಂಭಶ್ರಮ ಹೀಗೆ ಸಾಧನೆಗಳು ಹಂಚಿಹೋಗಿವೆ. ಬೇಳೆಕಾಳು, ಮಾಂಸ, ಹಾಲು, ಸಿಹಿ ತಿನಿಸುಗಳನ್ನು ಅವರಿಗೆ ಒದಗಿಸುವ ಹೊಣೆ ಅರಸನದು.

ಇತಿಹಾಸದ ಮೇಷ್ಟರಾಗಿ ನನಗೆ ಇಲ್ಲಿ ಮುಖ್ಯವೆನಿಸುವುದು ಈ ಕೊನೆಯ ಮಾತು. ಸಾಮು ಮಾಡಲು ಗರಡಿಯ ಮಣ್ಣು ಸಾಕು. ಸಾಮು ಮಾಡಿದ ದೇಹಕ್ಕೆ ಅನ್ನ ಬೇಕು. ಕೊಲ್ಲಾಪುರದ ಶಾಹು ಮಹಾರಾಜರು 1912ರಲ್ಲಿ ಖಾಸಬಾಗ್ ಕುಸ್ತಿ ಮೈದಾನವನ್ನು ಕಟ್ಟಿಸಿದರು. ಮೈಸೂರಿನಲ್ಲಿ ಒಡೆಯರ ಆಶ್ರಯದಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ ದಸರೆಯ ಅಂಗವಾಗಿ ಬೆಳೆಯಿತು. ಸಂಸ್ಥಾನಗಳು ವಿಲೀನವಾದ ಮೇಲೆ ಪೈಲ್ವಾನನ ಹಾಲು, ಬಾದಾಮಿಯ ಖರ್ಚು ಅವನ ಬಡ ಮನೆಯ ಮೇಲೆಯೇ ಬಿತ್ತು. ಗರಡಿಗಳು ಬರಿದಾಗುತ್ತ ಬಂದುದಕ್ಕೆ ಹುಡುಗರ ಸೋಮಾರಿತನವನ್ನಷ್ಟೇ ದೂರುವವರು ಈ ಲೆಕ್ಕವನ್ನು ಮರೆಯುತ್ತಾರೆ.

ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಗರಡಿಗಳು ಇನ್ನೂ ಇವೆ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವವರೂ ಇದ್ದಾರೆ. ನಿಮ್ಮ ಊರಿನಲ್ಲಿ ಗರಡಿಯಿದ್ದರೆ ಮಕ್ಕಳನ್ನು ಒಮ್ಮೆ ಕರೆದೊಯ್ಯಿರಿ. ಅಲ್ಲಿನ ಹಿರಿಯ ಉಸ್ತಾದರು ಹೇಳುವುದನ್ನು ಬರೆದಿಟ್ಟುಕೊಳ್ಳಿ. ಪಾಯಸ್ ಬರೆದಿಟ್ಟುದರಿಂದಲೇ ರಾಯನ ಬೆವರಿನ ಕಥೆ ನಮಗೆ ಉಳಿಯಿತು.