ಚಿತ್ರಕಾರ್ಡುಗಳ ಕಾಲದ ನಂಜನಗೂಡು, ತಿರುಮಕೂಡಲು

ಹಳೆಯ ಚಿತ್ರ ಅಂಚೆಕಾರ್ಡುಗಳನ್ನು ಊರಿನ ಇತಿಹಾಸಕ್ಕೆ ಆಕರವಾಗಿ ಬಳಸುವವರು, ಅವುಗಳಲ್ಲಿ ಪುರಾತನವೆಂದು ತೋರುವುದೆಲ್ಲವೂ ಪುರಾತನವಲ್ಲ ಎಂಬುದನ್ನು ಮೊದಲು ಮನಗಾಣಬೇಕು. ದಕ್ಷಿಣ ಫ್ರಾನ್ಸಿನ ಕಾರ್ಕಾಸೋನ್ ಪಟ್ಟಣದ ಕೋಟೆ ಇಪ್ಪತ್ತನೆಯ ಶತಮಾನದ ಆರಂಭದ ಕಾರ್ಡುಗಳಲ್ಲಿ ಮಧ್ಯಯುಗದಿಂದ ಅಲುಗಾಡದೆ ನಿಂತಂತೆ ಕಾಣುತ್ತದೆಯಾದರೂ, ಅದರ ಬುರುಜುಗಳ ಶಂಕುವಿನಾಕಾರದ ಮಾಡುಗಳು ವಾಸ್ತುಶಿಲ್ಪಿ ವಿಯೊಲೆ-ಲ-ದ್ಯುಕ್ ಹತ್ತೊಂಬತ್ತನೆಯ ಶತಮಾನದಲ್ಲಿ ಕೈಗೊಂಡ ಜೀರ್ಣೋದ್ಧಾರದ ಫಲ. ಕಪಿಲೆಯ ದಡದ ನಂಜನಗೂಡಿಗೂ ಈ ಮಾತು ಸಲ್ಲುತ್ತದೆ. ಶ್ರೀಕಂಠೇಶ್ವರ ದೇವಾಲಯವು ಪ್ರಾಚೀನವೇ ಆಗಿದ್ದರೂ, ಊರಿನ ಗುರುತಾಗಿ ಚಿತ್ರಗಳಲ್ಲಿ ಎದ್ದು ನಿಲ್ಲುವ ಸುಮಾರು 120 ಅಡಿ ಎತ್ತರದ ರಾಜಗೋಪುರ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1845ರಲ್ಲಿ, ಪೂರ್ಣಗೊಂಡಿತು. 1900ರ ಸುಮಾರಿಗೆ ಚಿತ್ರಕಾರ್ಡಿನ ವ್ಯಾಪಾರ ದಕ್ಷಿಣ ಭಾರತದಲ್ಲಿ ಬೇರೂರಿದಾಗ, ಆ ಗೋಪುರ ಏರುತ್ತಿದ್ದುದನ್ನು ಕಣ್ಣಾರೆ ಕಂಡ ವೃದ್ಧರು ಊರಿನಲ್ಲಿ ಇನ್ನೂ ಬದುಕಿದ್ದಿರಬೇಕು.

ಭಾರತದಲ್ಲಿ ಚಿತ್ರವಿಲ್ಲದ ಸರ್ಕಾರಿ ಕಾರ್ಡು 1879ರಲ್ಲಿ ಕಾಲಾಣೆ ಬೆಲೆಗೆ ಬಂದಿತ್ತು. ಮೈಸೂರು ಸಂಸ್ಥಾನದ ಸ್ವಂತ ಅಂಚೆಯು 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯೊಡನೆ ವಿಲೀನವಾಯಿತು. ಚಿತ್ರಕಾರ್ಡುಗಳನ್ನು ಹೊರಡಿಸಿದವರು ಮದರಾಸಿನ ವೀಲೆ ಅಂಡ್ ಕ್ಲೈನ್‌ನಂತಹ ಛಾಯಾಚಿತ್ರಶಾಲೆಗಳು, ಹಿಗ್ಗಿನ್‌ಬಾಥಮ್ಸ್‌ನಂತಹ ಪುಸ್ತಕ ವ್ಯಾಪಾರಿಗಳು. ಮುದ್ರಣಕ್ಕೆ ಹೆಚ್ಚಾಗಿ ಬಳಕೆಯಾದುದು ಕಾಲೋಟೈಪ್, ಅಂದರೆ ಗಾಜಿನ ಫಲಕಕ್ಕೆ ಬಳಿದ ಜೆಲಟಿನ್ ಪದರದ ಮೇಲೆ ಚಿತ್ರವನ್ನು ಮೂಡಿಸಿ, ಅದಕ್ಕೆ ಮಸಿ ಹಚ್ಚಿ ಅಚ್ಚೊತ್ತುವ ವಿಧಾನ. ಅಂದಿನ ಕಾರ್ಡುಗಳಲ್ಲಿ ಬಹಳಷ್ಟು ಜರ್ಮನಿಯಲ್ಲಿ ಅಚ್ಚಾಗಿ ಬರುತ್ತಿದ್ದವು. ಬಣ್ಣವನ್ನು ಅಲ್ಲಿನ ಮುದ್ರಣಾಲಯಗಳಲ್ಲಿಯೇ, ಈ ನೆಲವನ್ನು ಕಾಣದ ಕೈಗಳು ತುಂಬುತ್ತಿದ್ದುದರಿಂದ, ನದಿಯ ನೀಲಿಯನ್ನೋ ಸೀರೆಯ ಕೆಂಪನ್ನೋ ಸಾಕ್ಷ್ಯವಾಗಿ ಹಿಡಿಯುವಂತಿಲ್ಲ. ಕಾಲನಿರ್ಣಯಕ್ಕೆ ಕಾರ್ಡಿನ ಹಿಂಬದಿಯೇ ಹೆಚ್ಚು ಆಧಾರ: ವಿಳಾಸಕ್ಕೂ ಒಕ್ಕಣೆಗೂ ನಡುವೆ ಗೆರೆ ಎಳೆಯುವ ಪದ್ಧತಿ ಬ್ರಿಟನ್ನಿನಲ್ಲಿ 1902ರಲ್ಲಿ ಆರಂಭವಾಗಿ ಬೇರೆಡೆಗೂ ಹಬ್ಬಿತು, ಅದಕ್ಕೆ ಮೊದಲು ಒಕ್ಕಣೆಯನ್ನು ಚಿತ್ರದ ಬದಿಯ ಖಾಲಿ ಅಂಚಿನಲ್ಲಿಯೇ ಬರೆಯಬೇಕಿತ್ತು.

ಛಾಯಾಗ್ರಾಹಕರು ಎಲ್ಲಿಗೆ ಹೋದರು ಎಂಬುದನ್ನು ಬಹುಮಟ್ಟಿಗೆ ರೈಲುಹಳಿ ನಿರ್ಧರಿಸಿತು. ಗಾಜಿನ ಫಲಕಗಳ ಪೆಟ್ಟಿಗೆಯನ್ನು ಗಾಡಿಯಲ್ಲಿ ಸಾಗಿಸುವುದು ಕಷ್ಟದ ಕೆಲಸವಾಗಿದ್ದಾಗ, 1891ರಲ್ಲಿ ಮೈಸೂರಿನಿಂದ ಮೀಟರ್ ಗೇಜ್ ಹಳಿಯನ್ನು ಪಡೆದ ನಂಜನಗೂಡು ಸುಲಭವಾಗಿ ತಲುಪಬಹುದಾದ ಕ್ಷೇತ್ರವಾಯಿತು. ಇಲ್ಲಿನ ನಿಜವಾದ ಸೋಜಿಗ ಕಪಿಲೆಯ ಸೇತುವೆ. ದಳವಾಯಿ ದೇವರಾಜಯ್ಯನು ಸಂಸ್ಥಾನದ ಅಧಿಕಾರವನ್ನೆಲ್ಲ ಕೈಯಲ್ಲಿಟ್ಟುಕೊಂಡಿದ್ದ ಕಾಲದಲ್ಲಿ, 1735ರಲ್ಲಿ, ಎತ್ತಿನ ಗಾಡಿ ಮತ್ತು ಯಾತ್ರಿಕರಿಗಾಗಿ ಕಟ್ಟಿದ ಈ ಸೇತುವೆಯ ಮೇಲೆಯೇ ಮುಂದೆ ಹಳಿ ಹಾಸಿ, ರಸ್ತೆಯ ಪಕ್ಕದಲ್ಲೇ ರೈಲನ್ನೂ ಓಡಿಸಲಾಯಿತು. 1926ರಲ್ಲಿ ಮಾರ್ಗವು ಚಾಮರಾಜನಗರವನ್ನು ಮುಟ್ಟಿತು. ತಗ್ಗಾದ, ತುದಿ ಮೊನಚಾದ ಕಮಾನುಗಳು ಒಂದರ ಪಕ್ಕಕ್ಕೊಂದು ಒತ್ತಾಗಿ, ದಪ್ಪ ಕಂಬಗಳ ಮೇಲೆ ಹೊಳೆಯುದ್ದಕ್ಕೂ ಸಾಗುತ್ತವೆ. ಉಗಿಬಂಡಿಯ ಭಾರವನ್ನು ಊಹಿಸಿಯೂ ಇರದ ಗಾರೆ ಕೆಲಸಗಾರರ ಕಟ್ಟಡ ಅದನ್ನು ದಶಕಗಟ್ಟಲೆ ತಾಳಿಕೊಂಡಿತು ಎಂಬುದು ಯಾವ ಗೋಪುರಕ್ಕೂ ಕಡಿಮೆಯಲ್ಲದ ಸಂಗತಿ. ಬ್ರಾಡ್‌ಗೇಜ್ ಪರಿವರ್ತನೆಯೊಡನೆ ರೈಲಿಗೆ ಬೇರೆ ಸೇತುವೆ ಬಂದಿದೆ.

ಚಿತ್ರಕ್ಕೆ ಸುಲಭವಾಗಿ ಒದಗದೆ ಹೋದುದು ಜನ. ಫಾಲ್ಗುಣದ ದೊಡ್ಡ ಜಾತ್ರೆಯಲ್ಲಿ ಗಣಪತಿ, ಶ್ರೀಕಂಠೇಶ್ವರ, ಪಾರ್ವತಿ, ಸುಬ್ರಹ್ಮಣ್ಯ, ಚಂಡಿಕೇಶ್ವರರ ಐದು ತೇರುಗಳು ರಥಬೀದಿಯಲ್ಲಿ ಹೊರಡುವಾಗ, ಹಗ್ಗ ಹಿಡಿದವರ ಕೈಗಳಾಗಲಿ ಚಕ್ರಕ್ಕೆ ಗೊದಮೊಟ್ಟೆ (ಮರದ ಬೆಣೆ) ಒಡ್ಡುವವರ ಚುರುಕಾಗಲಿ ಅಂದಿನ ಕ್ಯಾಮೆರಾಕ್ಕೆ ಸುಲಭವಾಗಿ ಸಿಗುವಂಥದ್ದಾಗಿರಲಿಲ್ಲ. ಹಲವೊಮ್ಮೆ ಜಂಗುಳಿ ಮಸುಕಾಗಿ, ನಿಂತ ರಥವಷ್ಟೇ ಸ್ಪಷ್ಟವಾಗಿ ಮೂಡುತ್ತಿತ್ತು. ನಿರ್ಜನ ಪ್ರಾಕಾರವನ್ನು ತೋರಿಸುವ ಚಿತ್ರವನ್ನು ಕಂಡು ಕ್ಷೇತ್ರವೂ ನಿರ್ಜನವಾಗಿತ್ತೆಂದು ಬಗೆದರೆ, ತಾಂತ್ರಿಕ ಮಿತಿಯನ್ನೇ ಇತಿಹಾಸವೆಂದು ಓದಿದಂತಾಗುತ್ತದೆ.

ತಿರುಮಕೂಡಲು ನರಸೀಪುರಕ್ಕೆ ಅಂದೂ ರೈಲು ಬರಲಿಲ್ಲ, ಇಂದಿಗೂ ಬಂದಿಲ್ಲ. ಆ ತಾಲ್ಲೂಕಿಗೆ ಚಿತ್ರಗಳ ಲೋಕದಲ್ಲಿ ಸ್ಥಾನ ದೊರಕಿಸಿದುದು ಸೋಮನಾಥಪುರ. ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ ಹದಿಮೂರನೆಯ ಶತಮಾನದಲ್ಲಿ ಕಟ್ಟಿಸಿದ ಕೇಶವ ದೇವಾಲಯದ ಕುರಿತು, ಮೈಸೂರು ಪುರಾತತ್ತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು 1917ರಲ್ಲಿ ಚಿತ್ರಫಲಕಗಳ ಸಮೇತ ಒಂದು ಗ್ರಂಥವನ್ನೇ ಹೊರತಂದರು. ಕಾರ್ಡು ಮಾರುವವನಿಗೆ ದೇವಾಲಯದ ಒಂದು ನೋಟ ಸಾಕಾಗಿತ್ತು; ಆದರೆ ಶಿಲ್ಪಿಗಳ ಹೆಸರುಗಳನ್ನೂ ಮೂರ್ತಿಗಳ ವಿವರಗಳನ್ನೂ ದಾಖಲಿಸಿದ ಈ ಶ್ರಮವೇ ಇಂದಿನ ಸಂಶೋಧಕರಿಗೆ ಹೆಚ್ಚು ಉಪಕಾರಿ.

ಹಾಗಿದ್ದೂ ನರಸೀಪುರದ ಅತ್ಯಂತ ಹಳೆಯ ನೆಲೆ ಯಾವ ಕಾರ್ಡಿಗೂ ಒದಗುವಂತಿರಲಿಲ್ಲ, ಏಕೆಂದರೆ ಅದು ಮಣ್ಣಿನಡಿಯಲ್ಲಿತ್ತು. 1960ರ ಆಸುಪಾಸಿನಲ್ಲಿ ಡಾ. ಎಂ. ಶೇಷಾದ್ರಿಯವರು ನಡೆಸಿದ ಉತ್ಖನನದಲ್ಲಿ ನವಶಿಲಾಯುಗದ, ಎಂದರೆ ಉಜ್ಜಿ ನಯಗೊಳಿಸಿದ ಕಲ್ಲಿನ ಕೊಡಲಿಗಳನ್ನು ಬಳಸುತ್ತಿದ್ದ ಜನರ, ನೆಲೆ ಬೆಳಕಿಗೆ ಬಂದಿತು. ಸುಟ್ಟ ಮಣ್ಣಿನಿಂದ ಮಾಡಿದ ತಲೆಯಾನಿಕೆಗಳು ಇಲ್ಲಿನ ವಿಶಿಷ್ಟ ವಸ್ತುಗಳಲ್ಲಿ ಸೇರಿವೆ. ಕಾವೇರಿ, ಕಪಿಲೆ ಮತ್ತು ಗುಪ್ತಗಾಮಿನಿಯೆಂದು ನಂಬಲಾದ ಸ್ಫಟಿಕ ಸರೋವರ ಕೂಡುವ ಸಂಗಮದ ಜನಸಾಗರವಂತೂ, ಮೂರು ವರ್ಷಕ್ಕೊಮ್ಮೆ ನಡೆಯುವ ಕುಂಭಮೇಳ 1989ರಲ್ಲಿ ಆರಂಭವಾದ ಮೇಲೆ, ಪತ್ರಿಕಾ ಛಾಯಾಗ್ರಾಹಕರ ಮೂಲಕ ನಾಡಿಗೆಲ್ಲ ಪರಿಚಿತವಾಯಿತು.