ಗೆರ್ನಿಕಾ ರಚನೆಯ ಛಾಯಾಚಿತ್ರಗಳು

ಗೆರ್ನಿಕಾ ರಚನೆಯ ಛಾಯಾಚಿತ್ರಗಳು ಫ್ರೆಂಚ್ ಛಾಯಾಗ್ರಾಹಕಿ ಡೋರಾ ಮಾರ್ (1907–1997) ಅವರು 1937ರ ಮೇ–ಜೂನ್ ತಿಂಗಳುಗಳಲ್ಲಿ ತೆಗೆದ ಕಪ್ಪು-ಬಿಳುಪು ಚಿತ್ರಗಳ ಸರಣಿ. ಪ್ಯಾರಿಸ್‌ನ ಸ್ಟುಡಿಯೊದಲ್ಲಿ ಪಾಬ್ಲೊ ಪಿಕಾಸೊ ಅವರು 'ಗೆರ್ನಿಕಾ' ತೈಲಚಿತ್ರವನ್ನು ರಚಿಸಿದ ಬಗೆಯನ್ನು ಇವು ಹಂತಹಂತವಾಗಿ ದಾಖಲಿಸಿವೆ.

ಹಿನ್ನೆಲೆ

ಸ್ಪೇನಿನ ಅಂತರ್ಯುದ್ಧದ ಕಾಲದಲ್ಲಿ, 1937ರ ಏಪ್ರಿಲ್ 26ರಂದು, ಫ್ರಾಂಕೊ ಪಕ್ಷದ ಪರವಾಗಿ ಜರ್ಮನಿ ಮತ್ತು ಇಟಲಿಯ ವಿಮಾನಗಳು ಬಾಸ್ಕ್ ಪ್ರದೇಶದ ಗೆರ್ನಿಕಾ ಪಟ್ಟಣದ ಮೇಲೆ ಬಾಂಬ್ ದಾಳಿ ನಡೆಸಿದವು. ಪ್ಯಾರಿಸ್ ವಿಶ್ವ ಪ್ರದರ್ಶನದ ಸ್ಪೇನ್ ಮಂಟಪಕ್ಕೆ ಚಿತ್ರ ರಚಿಸಿಕೊಡಲು ಒಪ್ಪಿದ್ದ ಪಿಕಾಸೊ ಈ ದಾಳಿಯನ್ನೇ ವಸ್ತುವಾಗಿ ಆರಿಸಿಕೊಂಡು, ಮೇ 1ರಂದು ಕರಡು ರೇಖಾಚಿತ್ರಗಳನ್ನು ಆರಂಭಿಸಿದರು.

ಛಾಯಾಚಿತ್ರಗಳ ವಿವರ

ಸುಮಾರು 3.5 ಮೀಟರ್ ಎತ್ತರ ಹಾಗೂ 7.8 ಮೀಟರ್ ಅಗಲದ ಕ್ಯಾನ್ವಾಸ್‌ನ ಮುಂದೆ ಪಿಕಾಸೊ ಏಣಿಯೇರಿ, ಕೆಲವೊಮ್ಮೆ ನೆಲದ ಮೇಲೆ ಕುಳಿತು ಕೆಲಸ ಮಾಡುತ್ತಿರುವುದು ಕೆಲವು ಚಿತ್ರಗಳಲ್ಲಿದೆ. ಉಳಿದವು ಕ್ಯಾನ್ವಾಸ್‌ನ ಬದಲಾವಣೆಗಳನ್ನು ತೋರಿಸುತ್ತವೆ. ಆರಂಭದ ಹಂತದಲ್ಲಿ ನೆಲಕ್ಕುರುಳಿದ ಯೋಧನ ತೋಳು ಮುಷ್ಟಿ ಬಿಗಿದು ಮೇಲೆದ್ದಿದೆ. ಇದು ಗಣರಾಜ್ಯವಾದಿಗಳ ವಂದನೆಯ ಸಂಕೇತವಾಗಿತ್ತು. ಮುಂದಿನ ಹಂತದಲ್ಲಿ ಆ ಮುಷ್ಟಿಯಲ್ಲಿ ತೆನೆಗಳೂ ಅದರ ಹಿಂದೆ ಸೂರ್ಯಬಿಂಬವೂ ಕಾಣುತ್ತವೆ. ಅನಂತರ ತೋಳು ಮರೆಯಾಗಿದೆ. ಸೂರ್ಯನ ಜಾಗದಲ್ಲಿ ವಿದ್ಯುದ್ದೀಪವುಳ್ಳ ಕಣ್ಣಿನ ಆಕಾರ ಮೂಡಿದೆ. ಕೆಳಗೆ ಬಾಗಿದ್ದ ಕುದುರೆಯ ತಲೆಯೂ ಮೇಲೆದ್ದಿದೆ.

ಮಹತ್ವ

ಬಣ್ಣದ ಪದರಗಳಡಿ ಮುಚ್ಚಿಹೋದ ಈ ಹಂತಗಳನ್ನು ತಿಳಿಯಲು ಛಾಯಾಚಿತ್ರಗಳೇ ಪ್ರಮುಖ ಆಧಾರ. ನೇರ ರಾಜಕೀಯ ಸಂಕೇತವನ್ನು ಪಿಕಾಸೊ ಮೊದಲು ಚಿತ್ರಿಸಿ, ಬಳಿಕ ಕೈಬಿಟ್ಟರೆಂಬುದು ಇವುಗಳಿಂದ ಸ್ಪಷ್ಟವಾಗುತ್ತದೆ. 1937ರಲ್ಲೇ ಪ್ಯಾರಿಸ್‌ನ 'ಕಾಯೆ ದಾರ್' ಕಲಾಪತ್ರಿಕೆ ಇವನ್ನು ಪ್ರಕಟಿಸಿತು. ಮೂಲ ತೈಲಚಿತ್ರವು ಈಗ ಮ್ಯಾಡ್ರಿಡ್‌ನ ರೈನಾ ಸೋಫಿಯಾ ವಸ್ತುಸಂಗ್ರಹಾಲಯದಲ್ಲಿದೆ.