ಪಾನಾದ ಅಳತಿ, ಬಳಿ ಅಳತಿ

ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಕಡಿ ಹಳೇ ಅಂಬಾಸಿಡರ್ ಇಟ್ಕೊಂಡ ಮನ್ಯಾಗೆಲ್ಲಾ ಪಾನಾ ತುಂಬಿದ ಒಂದು ತಗಡಿನ ಡಬ್ಬಿ ಇದ್ದೇ ಇರ್ತದ. ಗಂಡಸರು ಅದನ್ನ ಮುಟ್ಟಗೊಡಂಗಿಲ್ಲ, ಹೊಂದಿಸೀನೂ ಇಡಂಗಿಲ್ಲ. ಬ್ರೇಕ್ ಒತ್ತಿದ್ರ ನಮ್ಮ ಗಾಡಿ ಒಂದೇ ಕಡಿ ಎಳೀಲಿಕ್ಕ ಹತ್ತಿತ್ತು. ಹುಣ್ಣಿಮಿಗೆ ಮಕ್ಕಳು ಮರಿ ತುಂಬಿಕೊಂಡು ಗಾಣಗಾಪುರಕ್ಕ ಹೋಗೋ ಗಾಡಿ ಅದು. ಕ್ಯಾಲಿಪರ್ ಬಿಚ್ಚಿ ಹೊಸಾ ರಬ್ಬರ್ ಹಾಕೋದಂತ ಆತು, ಆ ಡಬ್ಬಿ ನನ್ನ ಕೈಗೆ ಬಂತು.

ಒರಸಿ ನೋಡಿದ್ರ ಅರ್ಧ ಪಾನಾ ಇಂಚಿನವು, ಅರ್ಧ ಮಿಲಿಮೀಟರಿನವು. ಇದಕ್ಕ ದೊಡ್ಡ ಇತಿಹಾಸನೇ ಅದ. ನಿಜಾಮರ ರೈಲ್ವೆದವರು 1932ರಾಗ 27 ಬಸ್ ಬಿಟ್ರು. ಅವು ಬ್ರಿಟನ್‌ನ ಆಲ್ಬಿಯನ್ ಬಸ್ಸು, ನಟ್ಟು ಬೋಲ್ಟೂ ಅಲ್ಲಿಂದೇ. ಅಲ್ಲಿ 1841ರಾಗ ವಿಟ್ವರ್ತ್ ಅನ್ನವ ಒಂದು ಅಳತಿ ಕಟ್ಟಿದ್ದ. ಆ ಪಾನಾದ ಮ್ಯಾಲಿನ ಅಂಕಿ ಬೋಲ್ಟಿನ ದಪ್ಪ ಹೇಳ್ತದ, ನಟ್ಟಿನ ಅಗಲ ಅಲ್ಲ. ತಲಿ ಕೆಡಸೋದು ಇದೇ ನೋಡ್ರಿ. ಕಲ್ಕತ್ತಾ ಹತ್ತಿರದ ಉತ್ತರಪಾರಾದಾಗ ಆದ ಅಂಬಾಸಿಡರ್ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್‌ನ ಮಗಳು, ಹಂಗಾಗಿ ಇಂಚು. ಮುಂಬೈದ ಪದ್ಮಿನಿ ಇಟಲಿ ಫಿಯಟ್‌ನ ಮಗಳು, ಹಂಗಾಗಿ ಮಿಲಿಮೀಟರ್. ಮುಂದ ಅಂಬಾಸಿಡರ್‌ಕ್ಕ ಜಪಾನಿನ ಇಸುಜು ಇಂಜಿನ್ ಕೂಡಿಸಿದ ಮ್ಯಾಲ ಒಂದೇ ಮನ್ಯಾಗ ಎರಡು ಭಾಷಾ. ಸರ್ಕಾರ 1956ರಾಗ ಕಾಯ್ದೆ ಮಾಡಿ ಸೇರು, ತೊಲಿ ತೆಗದು ಕಿಲೋ, ಗ್ರಾಂ ತಂತು, ಆದ್ರ ಇಂಚು ಡಬ್ಬಿ ಬಿಟ್ಟು ಹೋಗಲಿಲ್ಲ.

ನಮ್ಮ ಕೈ ಬಿಟ್ಟೂ ಹೋಗಿಲ್ಲ! ಬಳಿಗಾರ ಕೇಳೋ "ಎರಡ್ ನಾಕೋ, ಎರಡ್ ಆರೋ" ಅಂದ್ರ ಏನು? ಎರಡು ಇಂಚು ಮ್ಯಾಲ ಹದಿನಾರರಾಗ ನಾಕು, ಇಲ್ಲಾ ಆರು ಪಾಲು. 7/16ರ ಪಾನಾ ಅಂದ್ರೂ ಅದೇ ಲೆಕ್ಕ. ಇದನ್ನ ಹೇಳಿದ ಮ್ಯಾಲ ನಮ್ಮ ವೈನಿ ಒಂದು ತಾಸಿನ್ಯಾಗ ಡಬ್ಬಿ ಎರಡು ಪಾಲು ಮಾಡಿ ಇಟ್ಟಳು. 5/8 ಇಂಚಿನ ನಟ್ಟಿಗೆ 16 ಮಿಲಿಮೀಟರಿನ ಪಾನಾ ನಡೀತದ. ಅರ್ಧ ಇಂಚಿಗೆ 13 ಹಚ್ಚಿದ್ರ 0.3 ಮಿಲಿಮೀಟರ್ ಸಡಿಲ, ಜಂಗ್ ಹಿಡದ ನಟ್ಟಿನ ಮೂಲಿ ದುಂಡಗಾಗಿಬಿಡ್ತದ. ಬ್ರೇಕ್ ಪೈಪಿನ ಮೆತ್ತನ್ನ ನಟ್ಟಿಗಂತೂ ಬಾಯಿ ಸೀಳಿದ ರಿಂಗ್ ಪಾನಾನೇ ಬೇಕು, ಪೈಪ್ ದಾಟಿಸಿ ಸುತ್ತಲೂ ಹಿಡೀತದ.

ಹಳೇ ಅಂಬಾಸಿಡರ್‌ಕ್ಕ ನಾಕೂ ಗಾಲಿಗೆ ಡ್ರಮ್ಮೇ ಇದ್ದವು. ಇಂಗ್ಲೆಂಡಿನ ಲ್ಯಾಂಚೆಸ್ಟರ್ 1902ರಾಗೇ ಡಿಸ್ಕ್ ಬ್ರೇಕಿನ ಪೇಟೆಂಟ್ ತಗೊಂಡಿದ್ದ, ಅದನ್ನ ಹಾಕಿದ ಜಾಗ್ವಾರ್ 1953ರಾಗ ಫ್ರಾನ್ಸಿನ ಲೆ ಮಾನ್ಸ್ ರೇಸ್ ಗೆದ್ದಿತ್ತು. ನಮ್ಮ ಅಂಬಾಸಿಡರ್‌ನ ಮುಂದಿನ ಗಾಲಿಗೆ ಅದು ಬಂದದ್ದು ಮಾತ್ರ ಕಡೀ ಕಾಲಕ್ಕ.

ಕ್ಯಾಲಿಪರ್‌ನ್ಯಾಗ ಪಿಸ್ಟನ್ ಸುತ್ತ ಚೌಕ ಕೊಯ್ದ ಒಂದು ರಬ್ಬರ್ ಉಂಗುರ ಇರ್ತದ. ಪೆಡಲ್ ಒತ್ತಿದ್ರ ಅದು ತಿರಿಚ್ತದ, ಬಿಟ್ರ ಪಿಸ್ಟನ್ನ ಹಿಂದಕ್ಕ ಎಳೀತದ. ಅಷ್ಟೇ ಅದರ ಜಾಣತನ. ಪೈಪ್ ಬಿಚ್ಚೂಕ್ಕಿಂತ ಮೊದ್ಲು ಪೆಡಲ್ ಒತ್ತೇ ಪಿಸ್ಟನ್ ಮುಂದ ತರಬೇಕು. ಪಂಕ್ಚರ್ ಅಂಗಡಿ ಗಾಳಿಲೆ ಹಾರಿಸಿದ್ರ ಬಟ್ಟು ಹೋದಾವು, ನಡುವ ಕಟಗಿ ತುಂಡು ಇರಲೇಬೇಕು. ಹಳೇ ರಬ್ಬರ್ ತೆಗೀಲಿಕ್ಕ ಸ್ಕ್ರೂಡ್ರೈವರ್ ಬ್ಯಾಡ, ಗೀರು ಬಿದ್ರ ಎಣ್ಣಿ ಸೋರ್ತದ. ನಾ ಪ್ಲಾಸ್ಟಿಕ್ ಕ್ರೋಶಾ ಸೂಜಿ ತಗೊಂಡೆ. ಮಿಸ್ತ್ರಿ ನಕ್ಕ, ಆಮ್ಯಾಲ ಅದನ್ನೇ ಕೇಳಿ ತಗೊಂಡ.

ತೊಳೀಲಿಕ್ಕ ಪೆಟ್ರೋಲ್, ಘಾಸಲೇಟ್ ಎಣ್ಣಿ ಮುಟ್ಟಸಬ್ಯಾಡ್ರಿ, ರಬ್ಬರ್ ಉಬ್ಬತದ. ಮೊದಮೊದಲಿನ ಬ್ರೇಕ್ ಎಣ್ಣಿ ಏನಿತ್ತು ಗೊತ್ತದ ಏನು? ನಮ್ಮ ತೊಗರಿ ಹೊಲದ ಬದುವಿನ ಔಡಲ! ಔಡಲೆಣ್ಣಿಗೆ ಸ್ಪಿರಿಟ್ ಕೂಡಿಸಿ ಹಾಕ್ತಿದ್ರು, ಆಗಿನ ರಬ್ಬರಿಗೆ ಅದರಿಂದ ಬಾಧಿ ಇರಲಿಲ್ಲ. ಈಗಿನ ಬ್ರೇಕ್ ಎಣ್ಣಿ ಬ್ಯಾರೆ, ಅದರಾಗ ಔಡಲ ಕೂಡಿಸಬಾರದು. ಈಗಿಂದು ಮಳಿಗಾಲದ ಉಪ್ಪಿನಂಗ ಗಾಳ್ಯಾಗಿನ ನೀರು ಹೀರ್ತದ, ಅದಕ್ಕ ಸೀಲ್ ಒಡದ ಹಳೇ ಡಬ್ಬಿ ಬಳಸಬ್ಯಾಡ್ರಿ.

ಕಡೀಗೆ ಪೈಪಿನ್ಯಾಗಿನ ಗಾಳಿ ತೆಗೀಲಿಕ್ಕ ಇಬ್ಬರು ಬೇಕು. ಒಬ್ಬರು ಪೆಡಲ್ ಒತ್ತಿ ಹಿಡೀಬೇಕು, ಒಬ್ಬರು ನಿಪ್ಪಲ್ ಸಡಿಲ ಮಾಡಿ, ಪೆಡಲ್ ಬಿಡೂಕ್ಕಿಂತ ಮೊದ್ಲೇ ಬಿಗೀಬೇಕು. ವೈನಿ ಪೆಡಲ್ ಮ್ಯಾಲ, ನಾ ಗಾಲಿ ಕಡಿ. ಬಾಟಲಿಯೊಳಗಿನ ನಳಿಗ್ಯಾಗ ಗುಳ್ಳಿ ನಿಂತು ಬರೇ ಎಣ್ಣಿ ಬರೂ ತನಕ ಒತ್ತು, ಹಿಡಿ, ಬಿಡು ಅಂತ ಕೂಗಿದೆ. ಮರದಿನ ಕಟ್ಟಿಸಂಗಾವಿ ಭೀಮಾ ಸೇತುವಿ ತನಕ ನಿಧಾನ ಹೋಗಿ ಬಂದ್ವಿ, ಗಾಡಿ ನೆಟ್ಟಗ ನಿಂತಿತು.